ನೂರು ಗ್ರಾಂ ಕೆಂಪು ಹರಳು

ಸೈನೋಟೈಪ್ ಚಿತ್ರಕ್ಕೆ ಕತ್ತಲೆ ಕೋಣೆ ಬೇಡ, ಕ್ಯಾಮೆರಾ ಕೂಡ ಬೇಡ. 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟನ್ನು 100 ಮಿಲಿಲೀಟರ್ ನೀರಿನಲ್ಲಿ ಕರಗಿಸಬೇಕು. ಇನ್ನೊಂದು 100 ಮಿಲಿಲೀಟರಿನಲ್ಲಿ ಪೊಟ್ಯಾಸಿಯಂ ಫೆರಿಸೈನೈಡಿನ ಕೆಂಪು ಹರಳು 10 ಗ್ರಾಂ. ಎರಡನ್ನೂ ಸಮಸಮ ಬೆರೆಸಿ, ದಪ್ಪ ಕಾಗದಕ್ಕೆ ಬ್ರಷ್ಷಿನಿಂದ ಹಚ್ಚಿ, ಮಬ್ಬು ಬೆಳಕಿನಲ್ಲಿ ಒಣಗಿಸಬೇಕು. ಮೇಲೊಂದು ಜರಿಗಿಡದ ಎಲೆ, ಅದರ ಮೇಲೆ ಗಾಜು, ಸ್ವಲ್ಪ ಹೊತ್ತು ಬಿಸಿಲು. ಆಮೇಲೆ ನಲ್ಲಿ ನೀರಿನಲ್ಲಿ ತೊಳೆದರೆ ಕಡುನೀಲಿಯ ನಡುವೆ ಬಿಳಿ ಎಲೆ, ಅಂಚಿನ ಒಂದೊಂದು ಹಲ್ಲೂ ಎದ್ದು ಕಾಣುವಂತೆ ಮೂಡುತ್ತದೆ. ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಕೊಂಡ ವಿಧಾನ ಇದು. ಮರುವರ್ಷವೇ ಆನಾ ಅಟ್ಕಿನ್ಸ್ ಎಂಬ ಸಸ್ಯಶಾಸ್ತ್ರಜ್ಞೆ ಇದೇ ಎರಡು ದ್ರಾವಣಗಳಿಂದ ಬ್ರಿಟನ್ನಿನ ಕಡಲ ಪಾಚಿಗಳ ಚಿತ್ರ ತೆಗೆದು ಪುಸ್ತಕವಾಗಿ ಹೊರತರತೊಡಗಿದರು. ಎಂಜಿನಿಯರುಗಳು ನೀಲಿ ಕಾಗದದ ಮೇಲೆ ಬಿಳಿ ಗೆರೆಗಳ ನಕ್ಷೆಯನ್ನು ಬ್ಲೂಪ್ರಿಂಟ್ ಎಂದು ಕರೆದದ್ದೂ ಇದರಿಂದಲೇ.

ಇಷ್ಟು ಸರಳವಾದ ಕೆಲಸಕ್ಕೆ ಕೈಹಾಕುವವರು ಎಡವುವುದು ಮೊದಲ ಮೆಟ್ಟಿಲಲ್ಲಿ. ಆ ಎರಡು ಪುಡಿಗಳು ಸಿಗುವುದೆಲ್ಲಿ?

ಮೆಡಿಕಲ್ ಶಾಪಿನಲ್ಲಿ ಇಲ್ಲ. ಸ್ಟೇಷನರಿ ಅಂಗಡಿಯವರು ಹೆಸರೇ ಕೇಳಿರುವುದಿಲ್ಲ. ಕಾಲೇಜುಗಳ ಲ್ಯಾಬಿಗೆ ಸರಬರಾಜು ಮಾಡುವ ಕೆಮಿಕಲ್ ಅಂಗಡಿಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆ: "ಯಾವ ಕಾಲೇಜು ಸಾರ್?" ಕಾಲೇಜಿಗಲ್ಲ, ಮನೆಗೆ ಎಂದರೆ ಆ ಕಡೆ ಕೊಂಚ ಹೊತ್ತು ಮಾತಿರುವುದಿಲ್ಲ. ಆಮೇಲೆ ಜಿಎಸ್‌ಟಿ ನಂಬರ್ ಇದೆಯೇ, ಲೆಟರ್‌ಹೆಡ್‌ನಲ್ಲಿ ಪತ್ರ ಕೊಡುತ್ತೀರಾ, ಅರ್ಧ ಕಿಲೋ ಬಾಟಲಿಯನ್ನೇ ತೆಗೆದುಕೊಳ್ಳಬೇಕು, ಸಣ್ಣದು ತರಿಸಲು ಹದಿನೈದು ದಿನವಾಗುತ್ತದೆ. ಕೊನೆಯದಾಗಿ, ತಡವರಿಸಿಕೊಂಡು ಬರುವ ಮಾತು: "ಸಾರ್, ಇದರಲ್ಲಿ ಸೈನೈಡ್ ಅಂತ ಇದೆಯಲ್ಲ?"

ಆ ಅಂಗಡಿಯವರ ಅಳುಕು ಸಹಜವಾದದ್ದು, ಆದ್ದರಿಂದ ಅದಕ್ಕೊಂದು ಪೂರ್ತಿ ಉತ್ತರ ಸಿಗಬೇಕು. ಫೆರಿಸೈನೈಡಿನಲ್ಲಿ ಒಂದು ಕಬ್ಬಿಣದ ಪರಮಾಣುವಿನ ಸುತ್ತ ಆರು ಸೈನೈಡ್ ಗುಂಪುಗಳಿರುತ್ತವೆ. ಕಬ್ಬಿಣ ಅವನ್ನು ಎಷ್ಟು ಬಿಗಿಯಾಗಿ ಹಿಡಿದಿರುತ್ತದೆಂದರೆ ಮಾಮೂಲಿ ಬಳಕೆಯಲ್ಲಿ ಅವು ಬಿಡಿಸಿಕೊಂಡು ಹೊರಬರುವುದಿಲ್ಲ. ಇದರ ಸೋದರ ಲವಣ ಪೊಟ್ಯಾಸಿಯಂ ಫೆರೋಸೈನೈಡನ್ನು ಪುಡಿ ಉಪ್ಪು ಗಂಟು ಕಟ್ಟದಿರಲೆಂದು ಅತಿ ಸಣ್ಣ ಪ್ರಮಾಣದಲ್ಲಿ ಬೆರೆಸುತ್ತಾರೆ. ಉಪ್ಪಿನ ಪ್ಯಾಕೆಟ್ಟಿನ ಮೇಲೆ 536 ಎಂಬ ಸಂಖ್ಯೆ ಇದ್ದರೆ ಅದು ಇದೇ. ಸೈನೋಟೈಪಿನ ಕಾಗದದ ಮೇಲೆ ಉಳಿಯುವ ಪ್ರಷ್ಯನ್ ನೀಲಿಯಂತೂ ಔಷಧಿಯೂ ಹೌದು. ಥ್ಯಾಲಿಯಂ ವಿಷವೋ ವಿಕಿರಣಶೀಲ ಸೀಸಿಯಮ್ಮೋ ಮೈಸೇರಿದಾಗ ಅದನ್ನು ಹೊರಹಾಕಲು ವೈದ್ಯರು ಕೊಡುವುದು ಪ್ರಷ್ಯನ್ ನೀಲಿಯನ್ನೇ. 1987ರಲ್ಲಿ ಬ್ರೆಜಿಲಿನ ಗೋಯಾನಿಯಾ ಪಟ್ಟಣದಲ್ಲಿ ಸೀಸಿಯಂ ಸೋರಿ ಅನಾಹುತವಾದಾಗ ಅಲ್ಲಿನ ರೋಗಿಗಳಿಗೆ ಕೊಟ್ಟದ್ದೂ ಅದೇ. ಆದರೂ ಒಂದು ಎಚ್ಚರಿಕೆಯನ್ನು ಮರೆಯುವಂತಿಲ್ಲ. ಫೆರಿಸೈನೈಡನ್ನು ಪ್ರಬಲ ಆಮ್ಲದೊಂದಿಗೆ ಸೇರಿಸಿದರೆ, ಅದರಲ್ಲೂ ಬಿಸಿ ಮಾಡಿದರೆ, ಹೈಡ್ರೋಜನ್ ಸೈನೈಡ್ ಎಂಬ ಮಾರಕ ಅನಿಲ ಹೊರಬರಬಹುದು. ಬಚ್ಚಲು ತೊಳೆಯುವ ಆಸಿಡ್ ಇಟ್ಟ ಕಪಾಟಿನಲ್ಲಿ ಈ ಬಾಟಲಿಗೆ ಜಾಗವಿಲ್ಲ. ಈ ನಾಲ್ಕು ಮಾತನ್ನು ತಡವರಿಸದೆ ಹೇಳಬಲ್ಲವರಿಗೆ ಅಂಗಡಿಯವರು ಸಾಮಾನ್ಯವಾಗಿ ಬಾಟಲಿ ಕೊಡುತ್ತಾರೆ. ಹೇಳಲಾಗದವರಿಗೆ ಕೊಡದಿದ್ದರೆ ಅದೇ ಸರಿ.

ಇಂಥ ಗಿರಾಕಿ ಅಂಗಡಿಗೆ ಹೊಸಬನೇನಲ್ಲ, ನಡುವೆ ಕಾಣೆಯಾಗಿದ್ದವನು. ಮೂವತ್ತು ವರ್ಷದ ಹಿಂದೆ ನಮ್ಮ ಊರೂರಿನ ಸ್ಟುಡಿಯೋಗಳಲ್ಲಿ ಚಿತ್ರ ಮೂಡಿಸುವ ಡೆವಲಪರ್, ಮೂಡಿದ್ದನ್ನು ಖಾಯಂ ಮಾಡುವ ಹೈಪೋ ದಿನಬಳಕೆಯ ಸಾಮಾನು. ಬಸ್‌ಸ್ಟ್ಯಾಂಡಿನ ಎದುರಿನ ಸ್ಟುಡಿಯೋದವರು ಪೇಟೆಯಿಂದ ತರಿಸುವಾಗಲೇ ಫೋಟೋ ಹುಚ್ಚಿನ ಮೇಷ್ಟ್ರಿಗೂ ಒಂದು ಪೊಟ್ಟಣ ಬರುತ್ತಿತ್ತು. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆ 'ಇಂದು' ಹೆಸರಿನ ಕಪ್ಪು-ಬಿಳುಪು ಫಿಲ್ಮನ್ನೂ ಆಸ್ಪತ್ರೆಗಳ ಎಕ್ಸ್‌ರೇ ಫಿಲ್ಮನ್ನೂ ಮಾಡುತ್ತಿತ್ತು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಆ ಸರಪಳಿಯ ಕೊಂಡಿಗಳು ಒಂದೊಂದಾಗಿ ಕಳಚಿದವು. ಕೊಡ್ಯಾಕ್ ಕಂಪನಿ 2012ರ ಜನವರಿಯಲ್ಲಿ ದಿವಾಳಿ ರಕ್ಷಣೆ ಕೋರಿತು. ಊಟಿಯ ಕಾರ್ಖಾನೆ ಬಾಗಿಲು ಹಾಕಿತು. ಸ್ಟುಡಿಯೋದ ಕತ್ತಲೆ ಕೋಣೆ ಜೆರಾಕ್ಸ್ ಯಂತ್ರದ ಜಾಗವಾಯಿತು. ಬಿಡಿ ಗಿರಾಕಿಗೆ ರಾಸಾಯನಿಕ ತಲುಪಿಸುತ್ತಿದ್ದ ದಾರಿ ಮುಚ್ಚಿದ್ದು ಬಹುಮಟ್ಟಿಗೆ ಹೀಗೆ, ವ್ಯಾಪಾರ ಬತ್ತಿಹೋಗಿ. ಕಾನೂನು ಬಿಗಿಯಾದದ್ದು ಅದರ ಜೊತೆಜೊತೆಗೆ. ಹವ್ಯಾಸಿಗಳು ಎಲ್ಲ ದೂರನ್ನೂ ಕಾನೂನಿನ ಮೇಲೆ ಹೊರಿಸುವುದುಂಟು. ಅದು ಅರ್ಧ ಸತ್ಯ.

ಈಗ ಕಾನೂನಿನ ಮಾತು. ನಮ್ಮಲ್ಲಿ 1919ರ ವಿಷ ಕಾಯ್ದೆ ಇದೆ. ಯಾವುದನ್ನು ವಿಷವೆಂದು ಪರಿಗಣಿಸಿ ಯಾರು, ಹೇಗೆ ಮಾರಬೇಕೆಂಬ ನಿಯಮಗಳನ್ನು ಮಾಡುವ ಅಧಿಕಾರ ಅದರಡಿ ರಾಜ್ಯಗಳಿಗಿದೆ. ಬಹುಕಾಲ ಆಸಿಡ್ ಮಾರಾಟಕ್ಕೆ ಹೇಳಿಕೊಳ್ಳುವಂಥ ಅಂಕೆಯೇ ಇರಲಿಲ್ಲ. ಹೆಣ್ಣುಮಕ್ಕಳ ಮುಖಕ್ಕೆ ಆಸಿಡ್ ಎರಚಿದ ಪ್ರಕರಣಗಳು ಕರ್ನಾಟಕದಲ್ಲೂ ಸಾಲುಸಾಲಾಗಿ ನಡೆದವು. ಬೆಂಗಳೂರಿನ ಮಹಿಳಾ ಸಂಘಟನೆಗಳು ಒಟ್ಟಾಗಿ, ಆಸಿಡ್ ದಾಳಿಗಳ ವಿರುದ್ಧದ ಹೋರಾಟ ಸಮಿತಿ ಕಟ್ಟಿಕೊಂಡು, ಮುಕ್ತ ಮಾರಾಟ ನಿಲ್ಲಿಸಿ ಎಂದು ವರ್ಷಗಟ್ಟಲೆ ಕೂಗಿದವು. ಲಕ್ಷ್ಮಿ ಎಂಬ ಸಂತ್ರಸ್ತೆ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ್ದ ಅರ್ಜಿಯ ಮೇಲೆ 2013ರ ಜುಲೈ 18ರಂದು ಬಂದ ಆದೇಶ ಮಾರಾಟದ ರೀತಿಯನ್ನೇ ಬದಲಿಸಿತು. ರಿಜಿಸ್ಟರ್ ಇಡದ ಅಂಗಡಿ ಆಸಿಡ್ ಮಾರುವಂತಿಲ್ಲ. ಕೊಳ್ಳುವವರು ಸರ್ಕಾರ ಕೊಟ್ಟ, ವಿಳಾಸವಿರುವ, ಭಾವಚಿತ್ರದ ಗುರುತಿನ ಚೀಟಿ ತೋರಿಸಬೇಕು, ಯಾತಕ್ಕೆ ಬೇಕೆಂದು ಹೇಳಬೇಕು. ಹದಿನೆಂಟು ತುಂಬದವರಿಗೆ ಮಾರುವಂತಿಲ್ಲ. ಅಂಗಡಿಯಲ್ಲಿರುವ ದಾಸ್ತಾನನ್ನು ಹದಿನೈದು ದಿನಗಳೊಳಗೆ ಉಪವಿಭಾಗಾಧಿಕಾರಿಗೆ ತಿಳಿಸಬೇಕು, ತಪ್ಪಿದರೆ 50,000 ರೂಪಾಯಿವರೆಗೆ ದಂಡ.

ಈ ಆದೇಶದಿಂದ ಹವ್ಯಾಸಿಗೆ ತೊಂದರೆಯಾಯಿತು ಎಂದು ಗೊಣಗುವುದು ಅನ್ಯಾಯ. ಅದು ಸುಟ್ಟ ಮುಖಗಳ ಕಾರಣದಿಂದ ಬಂದ ನಿಯಮ. ಅದು ಕೇಳುವುದು ಎರಡೇ ಪ್ರಶ್ನೆ: ನೀವು ಯಾರು, ಯಾತಕ್ಕೆ ಬೇಕು. ಪ್ರಾಮಾಣಿಕವಾಗಿ ಕೊಳ್ಳುವವರಿಗೆ ಎರಡಕ್ಕೂ ಉತ್ತರವಿದೆ. ತೊಡಕಿರುವುದು ಬೇರೆ ಕಡೆ. "ಸ್ವಂತ ಕಲಿಕೆಗೆ", "ಚಿತ್ರ ಮಾಡುವುದಕ್ಕೆ" ಎಂಬ ಉತ್ತರವನ್ನು ಬರೆದುಕೊಳ್ಳಲು ಅಂಗಡಿಯವರ ಬಳಿ ಮನಸ್ಸಾಗಲಿ ಅಭ್ಯಾಸವಾಗಲಿ ಇಲ್ಲ. ಅವರ ಪುಸ್ತಕದಲ್ಲಿ ಕಾರ್ಖಾನೆ ಇದೆ, ಕಾಲೇಜು ಇದೆ, ಆಸ್ಪತ್ರೆ ಇದೆ, ನಾಗರಿಕ ಇಲ್ಲ. ಹೀಗಾಗಿ ಆಸಿಡ್ಡೂ ಅಲ್ಲದ, ವಿಷದ ಪಟ್ಟಿಯಲ್ಲೂ ಬಾರದ ಪುಡಿಗಳಿಗೂ ಅದೇ ಭಯ ಹರಡಿಕೊಂಡಿದೆ.

ನಿಜಕ್ಕೂ ಕಟ್ಟುನಿಟ್ಟಾಗಿ ಕಾಯುವ ವಸ್ತುಗಳು ಬೇರೆಯೇ ಇವೆ. ಅಸಿಟಿಕ್ ಅನ್‌ಹೈಡ್ರೈಡ್ ಹೆರಾಯಿನ್ ತಯಾರಿಕೆಗೆ ಬೇಕಾದದ್ದು, ಆದ್ದರಿಂದ ಮಾದಕ ದ್ರವ್ಯ ಕಾಯ್ದೆಯಡಿ ಅದರ ತಯಾರಿಕೆ, ಸಾಗಣೆ, ಮಾರಾಟ, ಬಳಕೆ ಎಲ್ಲಕ್ಕೂ ಲೆಕ್ಕವಿಡಬೇಕು. ಅಮೋನಿಯಂ ನೈಟ್ರೇಟ್ ಶೇಕಡ 45ಕ್ಕಿಂತ ಹೆಚ್ಚಿರುವ ಮಿಶ್ರಣ ಸ್ಫೋಟಕವೆಂದು ಘೋಷಿತವಾಗಿ, 2012ರಿಂದ ಅದಕ್ಕೆ ಪ್ರತ್ಯೇಕ ನಿಯಮಗಳೇ ಇವೆ. ಕತ್ತಲೆ ಕೋಣೆಯವರು ಕೇಳುವುದು ಅಸಿಟಿಕ್ ಆಸಿಡ್ಡನ್ನು, ಅನ್‌ಹೈಡ್ರೈಡನ್ನಲ್ಲ. ಫೋನಿನಲ್ಲಿ ಹೆಸರು ಅರ್ಧಂಬರ್ಧ ಕೇಳಿಸಿದರೆ ಅಂಗಡಿಯವರು ಬೆಚ್ಚಿಬೀಳುವುದು ಸಹಜ. ಅಷ್ಟಕ್ಕೂ ಡೆವಲಪರಿನ ಕೆಲಸ ನಿಲ್ಲಿಸುವ ಸ್ಟಾಪ್ ಬಾತಿಗೆ ಚರ್ಮ ಸುಡುವ, ಬೆಂಕಿ ಹತ್ತುವ ಗ್ಲೇಶಿಯಲ್ ಅಸಿಟಿಕ್ ಆಸಿಡ್ ಬೇಕಿಲ್ಲ. ಕಿರಾಣಿ ಅಂಗಡಿಯ ಸಿಟ್ರಿಕ್ ಆಸಿಡ್, ಅಂದರೆ ನಿಂಬೆ ಉಪ್ಪು, ಒಂದು ಲೀಟರ್ ನೀರಿಗೆ 15 ಗ್ರಾಂ ಹಾಕಿದರೆ ಅದೇ ಕೆಲಸವಾಗುತ್ತದೆ. ಬೇಡದ ಅಪಾಯವನ್ನು ಮನೆಗೆ ತರದಿರುವುದೂ ಕೊಳ್ಳುವ ಜಾಣ್ಮೆಯ ಒಂದು ಭಾಗ.

ಹೆಸರಿನ ಗೊಂದಲಕ್ಕೆ ಮದ್ದು ಇದೆ. ಜಗತ್ತಿನ ಪ್ರತಿಯೊಂದು ರಾಸಾಯನಿಕಕ್ಕೂ ಅಮೆರಿಕನ್ ಕೆಮಿಕಲ್ ಸೊಸೈಟಿಯ ವಿಭಾಗವೊಂದು ಕೊಡುವ ನೋಂದಣಿ ಸಂಖ್ಯೆ ಇರುತ್ತದೆ, ಸಿಎಎಸ್ ನಂಬರ್ ಎನ್ನುತ್ತಾರೆ. ಬಾಟಲಿಯ ಲೇಬಲ್ ಮೇಲೆ ಮೂರು ತುಂಡಾಗಿ ಅಚ್ಚಾಗಿರುತ್ತದೆ. ಡೆವಲಪರಿಗೆ ಬೇಕಾದ ಸೋಡಿಯಂ ಸಲ್ಫೈಟ್ 7757-83-7. ಅದರ ಬದಲು ಬಾಟಲಿಯಲ್ಲಿ 7757-82-6 ಎಂದಿದ್ದರೆ ಅದು ಸೋಡಿಯಂ ಸಲ್ಫೇಟ್, ಡೆವಲಪರನ್ನು ಗಾಳಿಯಿಂದ ಕಾಪಾಡುವ ಗುಣ ಅದಕ್ಕಿಲ್ಲ. ಸಲ್ಫೈಟ್, ಸಲ್ಫೇಟ್, ಸಲ್ಫೈಡ್ ಎಂದು ಅಂಗಡಿಯ ಗದ್ದಲದಲ್ಲಿ ಕೂಗಿ ಹೇಳಿದರೆ ಯಾವುದು ಬರುತ್ತದೋ ದೇವರೇ ಬಲ್ಲ. ಸಂಖ್ಯೆ ಬರೆದುಕೊಟ್ಟರೆ ಆ ಅನುಮಾನವಿಲ್ಲ. ಈ ಸಂಖ್ಯೆಯ ಕೊನೆಯ ಅಂಕಿಯಲ್ಲಿ ಒಂದು ಸೊಗಸಾದ ಲೆಕ್ಕ ಅಡಗಿದೆ. ಅದನ್ನು ಬಿಟ್ಟು ಉಳಿದ ಅಂಕಿಗಳನ್ನು ಬಲದಿಂದ ಎಡಕ್ಕೆ ಕ್ರಮವಾಗಿ 1, 2, 3, 4 ರಿಂದ ಗುಣಿಸುತ್ತ ಹೋಗಿ ಕೂಡಿಸಬೇಕು. ಸಲ್ಫೈಟಿಗೆ 3, 16, 21, 20, 35, 42, ಒಟ್ಟು 137. ಮೊತ್ತದ ಬಿಡಿಸ್ಥಾನದ 7 ಕೊನೆಯ ಅಂಕಿಯೊಂದಿಗೆ ಹೊಂದಿದರೆ ಬರೆದುಕೊಂಡದ್ದು ಸರಿ. ಒಂದೇ ಒಂದು ಅಂಕಿ ತಪ್ಪಿದ್ದರೂ ಸಾಮಾನ್ಯವಾಗಿ ಅಲ್ಲೇ ಸಿಕ್ಕಿಬೀಳುತ್ತದೆ.

ಸೈನೋಟೈಪಿನಲ್ಲಿ ಇದೇ ತಪ್ಪು ಬಣ್ಣದಲ್ಲಿ ಕಾಣಿಸಿಕೊಳ್ಳುತ್ತದೆ. ಬೇಕಾದದ್ದು ಕೆಂಪು ಹರಳಿನ ಫೆರಿಸೈನೈಡ್, 13746-66-2. ಹಳದಿ ಹರಳಿನ ಫೆರೋಸೈನೈಡ್, 14459-95-1, ಕೈಗೆ ಬಂದರೆ ಎರಡು ದ್ರಾವಣಗಳನ್ನು ಬೆರೆಸಿದ ಕ್ಷಣದಲ್ಲೇ ಬಟ್ಟಲೆಲ್ಲ ನೀಲಿಯಾಗಿಬಿಡುತ್ತದೆ. ಬಿಸಿಲು ಮಾಡಬೇಕಾದ ಕೆಲಸ ಕತ್ತಲಲ್ಲೇ ಮುಗಿದುಹೋಗಿರುತ್ತದೆ. ಇನ್ನೊಂದು ಪುಡಿ ಫೆರಿಕ್ ಅಮೋನಿಯಂ ಸಿಟ್ರೇಟಿನಲ್ಲೂ ಹಸಿರು, ಕಂದು ಎಂದು ಎರಡು ಬಗೆ. ರಕ್ತಹೀನತೆಯ ಟಾನಿಕ್ಕುಗಳಲ್ಲಿ ಕಬ್ಬಿಣದ ಅಂಶಕ್ಕಾಗಿ ಬಳಸುವ ಲವಣ ಇದು, ಹಾಗಾಗಿ ಔಷಧ ಕಂಪನಿಗಳಿಗೆ ಮಾರುವ ವ್ಯಾಪಾರಿಯ ಬಳಿ ಕಂದು ಬಗೆ ಇರುವ ಸಾಧ್ಯತೆ ಹೆಚ್ಚು. ಬೆಳಕಿಗೆ ಚೆನ್ನಾಗಿ ಸ್ಪಂದಿಸುವುದು ಹಸಿರು. ಇದು ಗಾಳಿಯ ತೇವ ಹೀರಿಕೊಂಡು ಬಾಟಲಿಯಲ್ಲೇ ಅಂಟಂಟಾಗುತ್ತದೆ, ಕರಗಿಸಿಟ್ಟ ದ್ರಾವಣಕ್ಕೆ ಬೂಷ್ಟು ಹಿಡಿಯುತ್ತದೆ. ಕರಾವಳಿಯ ಮಳೆಗಾಲದಲ್ಲಿ ಇದನ್ನು ಕಾಪಾಡುವುದು ಉಪ್ಪಿನಕಾಯಿ ಭರಣಿ ಕಾದಷ್ಟೇ ನಿಗಾ ಬೇಡುವ ಕೆಲಸ.

ಗ್ರೇಡು ಎಂಬುದೊಂದು ಇದೆ. ಎಸ್.ಡಿ. ಫೈನ್, ಲೋಬಾ, ಹೈಮೀಡಿಯಾ, ಎಸ್‌ಆರ್‌ಎಲ್ ಮುಂತಾದ ಕಂಪನಿಗಳ ಪಟ್ಟಿಯಲ್ಲಿ ಒಂದೇ ವಸ್ತು ಎಲ್‌ಆರ್, ಎಆರ್, ಎಕ್ಸ್‌ಟ್ರಾ ಪ್ಯೂರ್ ಎಂದು ಬೇರೆಬೇರೆ ಬೆಲೆಗೆ ಸಿಗುತ್ತದೆ. ಎಲ್‌ಆರ್ ಎಂದರೆ ಕಾಲೇಜು ಲ್ಯಾಬಿನ ಮಟ್ಟ, ಎಆರ್ ಎಂದರೆ ನಿಖರ ವಿಶ್ಲೇಷಣೆಗೆ ಬೇಕಾದ ಶುದ್ಧತೆ. ಚಿತ್ರದ ಕೆಲಸಕ್ಕೆ ಬಹುತೇಕ ಎಲ್‌ಆರ್ ಧಾರಾಳ. ಇದಕ್ಕಿಂತ ಮುಖ್ಯವಾದದ್ದು ಹರಳಿನೊಳಗಿನ ನೀರು. ವಾಷಿಂಗ್ ಸೋಡಾದ ಹರಳಿನಲ್ಲಿ ತೂಕದ ಬಹುಪಾಲು ನೀರೇ. ಒಣಪುಡಿಯ ಸೋಡಿಯಂ ಕಾರ್ಬೊನೇಟ್ 106 ಗ್ರಾಂ ಮಾಡುವ ಕೆಲಸಕ್ಕೆ ಹರಳು 286 ಗ್ರಾಂ ಬೇಕು. ಹೈಪೋದಲ್ಲೂ ಹಾಗೆಯೇ, ಒಣಪುಡಿ 158 ಗ್ರಾಂಗೆ ಹರಳು 248 ಗ್ರಾಂ. ಪುಸ್ತಕದ ಸೂತ್ರ ಯಾವುದನ್ನು ಹೇಳುತ್ತಿದೆ, ಬಾಟಲಿಯಲ್ಲಿ ಯಾವುದಿದೆ ಎಂದು ನೋಡದೆ ತೂಗಿದರೆ ಫಿಲ್ಮ್ ಹಾಳು. ಆಮೇಲೆ ಬೈಗುಳ ಸಿಗುವುದು ಮಾತ್ರ ಅಂಗಡಿಯವರಿಗೆ.

ಎಲ್ಲವನ್ನೂ ಕೆಮಿಕಲ್ ಅಂಗಡಿಯಿಂದಲೇ ತರಬೇಕೆಂದಿಲ್ಲ ಎನ್ನುವುದು ಕರ್ನಾಟಕದ ಪೇಟೆಗಳನ್ನು ಬಲ್ಲವರಿಗೆ ಗೊತ್ತು. ಗ್ರಂಥಿಗೆ ಅಂಗಡಿಯಲ್ಲಿ ಬಿಳಿಗಾರ, ಪಟಿಕ, ನವಸಾಗರ ಇಂದಿಗೂ ಪೊಟ್ಟಣ ಕಟ್ಟಿ ಕೊಡುತ್ತಾರೆ. ಅವೇ ಬೊರಾಕ್ಸ್, ಆಲಂ, ಅಮೋನಿಯಂ ಕ್ಲೋರೈಡ್. ಕೊಡ್ಯಾಕಿನ ಪ್ರಸಿದ್ಧ ಡಿ-76 ಡೆವಲಪರಿನ ಒಂದು ಲೀಟರಿಗೆ ಬೇಕಾದದ್ದು 2 ಗ್ರಾಂ ಮೆಟಾಲ್, 100 ಗ್ರಾಂ ಸೋಡಿಯಂ ಸಲ್ಫೈಟ್, 5 ಗ್ರಾಂ ಹೈಡ್ರೋಕ್ವಿನೋನ್, 2 ಗ್ರಾಂ ಬಿಳಿಗಾರ. ಕೊನೆಯದಕ್ಕಾದರೂ ಲೆಟರ್‌ಹೆಡ್ ಬೇಕಿಲ್ಲ. ನಲ್ಲಿ ನೀರಿನ ಕ್ಲೋರಿನ್ ತೆಗೆಯಲು ಅಲಂಕಾರಿಕ ಮೀನಿನ ಅಂಗಡಿಗಳಲ್ಲಿ ಮಾರುವುದು ಸಾಮಾನ್ಯವಾಗಿ ಹೈಪೋವನ್ನೇ. ಬೆಳ್ಳಿಯ ಲವಣವನ್ನು ಹೈಪೋ ಕರಗಿಸುತ್ತದೆಂದು 1819ರಲ್ಲೇ ಕಂಡವರು ಸೈನೋಟೈಪಿನ ಅದೇ ಹರ್ಷೆಲ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸರ್ಕ್ಯೂಟ್ ಬೋರ್ಡಿನ ತಾಮ್ರ ಕೊರೆಯಲು ಫೆರಿಕ್ ಕ್ಲೋರೈಡ್ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲೇ ದೊರೆಯುತ್ತದೆ. ಮಲೆನಾಡಿನಲ್ಲಂತೂ ಮಳೆಗಾಲ ಬಂತೆಂದರೆ ಅಡಿಕೆ ಬೆಳೆಗಾರರು ಮೈಲುತುತ್ತವನ್ನು ಕಿಲೋಗಟ್ಟಲೆ ಒಯ್ಯುತ್ತಾರೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಸಿದ್ಧ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ನೂರಕ್ಕೂ ಹೆಚ್ಚು ವರ್ಷದ ಹಿಂದೆ ಕೊಳೆ ರೋಗವನ್ನು ಅಧ್ಯಯನ ಮಾಡಿ ಬಳಕೆಗೆ ತಂದ ಪದ್ಧತಿ ಅದು. ಹೀಗೆ ಕಾಪರ್ ಸಲ್ಫೇಟನ್ನು ಮನೆಯಲ್ಲೇ ಬೆರೆಸಿ, ದೋಟಿಯ ತುದಿಗೆ ಏರಿಸಿ ಸಿಂಪಡಿಸುವ ಜನರ ನಾಡಿನಲ್ಲಿ ರಾಸಾಯನಿಕವೆಂದರೆ ತಜ್ಞರ ಸೊತ್ತು ಎಂಬ ಮಾತು ನಿಲ್ಲುವುದಿಲ್ಲ.

ಕಾಫಿಯ ಕಥೆಯಂತೂ ಇನ್ನೂ ಹತ್ತಿರದ್ದು. 1995ರಲ್ಲಿ ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯಲ್ಲಿ ಸ್ಕಾಟ್ ವಿಲಿಯಮ್ಸ್ ಎಂಬ ಅಧ್ಯಾಪಕರೂ ಅವರ ವಿದ್ಯಾರ್ಥಿಗಳೂ ಇನ್‌ಸ್ಟಂಟ್ ಕಾಫಿಪುಡಿಗೆ ವಾಷಿಂಗ್ ಸೋಡಾ ಸೇರಿಸಿ ಫಿಲ್ಮ್ ತೊಳೆದು ತೋರಿಸಿದರು. ಆಮೇಲೆ ಹವ್ಯಾಸಿಗಳು ಅದಕ್ಕೆ ವಿಟಮಿನ್ ಸಿ ಕೂಡಿಸಿ ಕೆಲಸ ಚುರುಕುಗೊಳಿಸಿದರು. ಕ್ಯಾಫೆನಾಲ್ ಎಂದು ಅದರ ಹೆಸರು. ಕೆಲಸ ಮಾಡುವುದು ಕೆಫೀನ್ ಅಲ್ಲ, ಕಾಫಿಯಲ್ಲಿರುವ ಕೆಫಿಕ್ ಆಸಿಡ್ ಮತ್ತು ಅದರ ಬಳಗದ ಸಂಯುಕ್ತಗಳು. ಅರೇಬಿಕಾಗಿಂತ ರೊಬಸ್ಟಾದಲ್ಲಿ ಅವು ಹೆಚ್ಚು, ಆದ್ದರಿಂದ ಅಗ್ಗದ ರೊಬಸ್ಟಾ ಪುಡಿಯೇ ಈ ಕೆಲಸಕ್ಕೆ ಮೇಲು ಎಂಬುದು ಮಾಡಿ ನೋಡಿದವರ ಮಾತು. ಕೊಡಗಿನ ತೋಟಗಳಲ್ಲಿ ಹೆಚ್ಚಾಗಿ ಬೆಳೆಯುವುದು ರೊಬಸ್ಟಾವನ್ನೇ. ದ್ರಾವಣದ ವಾಸನೆ ಮಾತ್ರ ಕಾಫಿಯದ್ದಲ್ಲ, ಸಹಿಸುವುದು ಕಷ್ಟ.

ಬೆಳ್ಳಿಯ ವಿಷಯಕ್ಕೆ ಬಂದರೆ ಆಟದ ಮಟ್ಟ ಮುಗಿಯುತ್ತದೆ. ಹಳೆಯ ಕಾಲದ ಸಾಲ್ಟ್ ಪ್ರಿಂಟ್ ಮಾಡುವವರಿಗೆ ಸಿಲ್ವರ್ ನೈಟ್ರೇಟ್ ಬೇಕು. ತೂಕದಲ್ಲಿ ಅದರ ಶೇಕಡ 63ಕ್ಕೂ ಹೆಚ್ಚು ಭಾಗ ಶುದ್ಧ ಬೆಳ್ಳಿ, ಚಿನಿವಾರ ಪೇಟೆಯಲ್ಲಿ ಬೆಳ್ಳಿ ಏರಿದ ದಿನ ಇದರ ಬೆಲೆಯೂ ಏರುತ್ತದೆ. ಕರ್ನಾಟಕದ ಪ್ರತಿಯೊಬ್ಬ ಮತದಾರನೂ ಈ ವಸ್ತುವನ್ನು ಮೈಮೇಲೆ ಹಚ್ಚಿಸಿಕೊಂಡಿದ್ದಾನೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಆರಂಭವಾದ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆ 1962ರ ಚುನಾವಣೆಯಿಂದ ಅಳಿಸಲಾಗದ ಶಾಯಿ ತಯಾರಿಸುತ್ತಿದೆ. ಆ ಶಾಯಿಯ ಜೀವಾಳ ಸಿಲ್ವರ್ ನೈಟ್ರೇಟ್. ಉಗುರಿನ ಮೇಲೆ ಬಿದ್ದದ್ದು ಬೆಳಕಿಗೆ ಕಪ್ಪಾಗುವುದೂ ಕಾಗದದ ಮೇಲೆ ಚಿತ್ರ ಮೂಡುವುದೂ ಒಂದೇ ಕ್ರಿಯೆ. ಆ ಶಾಯಿ ಬಿಡಿ ಮಾರಾಟಕ್ಕಿಲ್ಲ, ಸರ್ಕಾರಿ ಬೇಡಿಕೆಗಷ್ಟೇ ಹೋಗುತ್ತದೆ. ಸಿಲ್ವರ್ ನೈಟ್ರೇಟ್ ಲ್ಯಾಬ್ ಅಂಗಡಿಗಳಲ್ಲಿ 25 ಗ್ರಾಂ ಬಾಟಲಿಯಲ್ಲೂ ಸಿಗುವುದರಿಂದ ಹವ್ಯಾಸಿಯ ಅಳತೆಗೆ ಒಗ್ಗುತ್ತದೆ. ಆದರೆ ಅದರ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು, ಕನ್ನಡಕವಿಲ್ಲದೆ ಮುಟ್ಟುವಂತಿಲ್ಲ. ಇದು ಆಕ್ಸಿಡೈಸರ್ ವರ್ಗಕ್ಕೆ ಸೇರಿದ್ದರಿಂದ ಅಪಾಯಕಾರಿ ಸರಕೆಂದು ಘೋಷಿಸದೆ, ಅದರ ನಿಯಮದಂತೆ ಪ್ಯಾಕ್ ಮಾಡದೆ ವಿಮಾನದ ಕೊರಿಯರಿಗೆ ಹಾಕುವಂತಿಲ್ಲ. "ಬಣ್ಣದ ಪುಡಿ" ಎಂದು ಬರೆದು ಕಳಿಸಿಬಿಡಿ ಎನ್ನುವ ಗಿರಾಕಿಗಳಿದ್ದಾರೆ. ಹಾಗೆ ಕೇಳುವವರು ವಿಮಾನದಲ್ಲಿ ಕೂತವರ ಜೀವದ ಜೊತೆ ಆಡುತ್ತಿದ್ದಾರೆ, ಉಳಿದ ಹವ್ಯಾಸಿಗಳ ಬಾಗಿಲನ್ನೂ ಮುಚ್ಚುತ್ತಿದ್ದಾರೆ.

ಕೆಲವನ್ನು ಕೊಳ್ಳದಿರುವುದೇ ಲೇಸು. ಗಮ್ ಪ್ರಿಂಟ್ ಎಂಬ ಇನ್ನೊಂದು ಹಳೆಯ ಚಿತ್ರ ವಿಧಾನಕ್ಕೆ ಬಳಸುವ ಪೊಟ್ಯಾಸಿಯಂ ಡೈಕ್ರೋಮೇಟ್ ಕಿತ್ತಳೆ ಬಣ್ಣದ ಸುಂದರ ಹರಳು, ಹಿಂದೆ ಪ್ರತಿ ಕಾಲೇಜು ಲ್ಯಾಬಿನ ಕಪಾಟಿನಲ್ಲೂ ಇದ್ದದ್ದು. ಅದರಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್ ತರುತ್ತದೆ. ಯುರೋಪಿನಲ್ಲಿ ವಿಶೇಷ ಅನುಮತಿ ಇಲ್ಲದೆ ಅದನ್ನು ಬಳಸಲಾಗದಂತೆ ಮಾಡಿದ್ದಾರೆ. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ದಾರಿಗೆ ಹತ್ತಿರದ ರಾಣಿಪೇಟೆಯಲ್ಲಿ, ಮುಚ್ಚಿಹೋದ ಕ್ರೋಮೇಟ್ ಕಾರ್ಖಾನೆಯೊಂದರ ಅಂಗಳದಲ್ಲಿ ಒಂದು ಲಕ್ಷ ಟನ್ನಿಗೂ ಹೆಚ್ಚು ತ್ಯಾಜ್ಯ ಗುಡ್ಡೆಬಿದ್ದು, ಸುತ್ತಲಿನ ಅಂತರ್ಜಲ ಹಳದಿಯಾಗಿ ದಶಕಗಳೇ ಕಳೆದವು. ಮನೆಯ ಸಿಂಕಿಗೆ ಡೈಕ್ರೋಮೇಟ್ ಸುರಿಯುವವರು ಮಾಡುವುದು ಅದೇ ಕೆಲಸ, ಅಳತೆ ಚಿಕ್ಕದು ಅಷ್ಟೆ. ಬಾಟಲಿಯ ಜೊತೆ ಕೇಳಿ ಪಡೆಯಬೇಕಾದ ಸುರಕ್ಷತಾ ವಿವರ ಪತ್ರದಲ್ಲಿ 16 ವಿಭಾಗಗಳಿರುತ್ತವೆ, ಹದಿಮೂರನೆಯದು ವಿಲೇವಾರಿಯದು. ಕೊಳ್ಳುವ ಮೊದಲು ಅದನ್ನು ಓದಿ, ಮುಗಿದ ದ್ರಾವಣವನ್ನು ಎಲ್ಲಿಗೆ ಕಳಿಸುತ್ತೇನೆ ಎಂಬ ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ ಆ ಬಾಟಲಿಯನ್ನು ಅಂಗಡಿಯಲ್ಲೇ ಬಿಡಬೇಕು. ಬೆಳ್ಳಿಯ ಕೆಲಸದವರಿಗೆ ಇಲ್ಲೊಂದು ಅನುಕೂಲವಿದೆ. ಬಳಸಿದ ಹೈಪೋದಲ್ಲಿ ಬೆಳ್ಳಿ ಕರಗಿರುತ್ತದೆ, ಹಳೆಯ ಎಕ್ಸ್‌ರೇ ಫಿಲ್ಮಿನಿಂದ ಬೆಳ್ಳಿ ತೆಗೆಯುವವರು ಅದನ್ನೂ ಕೊಳ್ಳಬಲ್ಲರು.

ಹೊರದೇಶಗಳಲ್ಲಿ ಈ ಸ್ವಾತಂತ್ರ್ಯ ಒಂದು ಕಾಲಕ್ಕೆ ಬೆರಗಾಗುವಷ್ಟಿತ್ತು. ನರವೈದ್ಯ, ಲೇಖಕ ಆಲಿವರ್ ಸ್ಯಾಕ್ಸ್ ತಮ್ಮ ಬಾಲ್ಯದ ಬಗ್ಗೆ ಬರೆದ 'ಅಂಕಲ್ ಟಂಗ್‌ಸ್ಟನ್' ಪುಸ್ತಕದಲ್ಲಿ, ಎರಡನೆಯ ಮಹಾಯುದ್ಧ ಮುಗಿದ ಹೊತ್ತಿನ ಲಂಡನ್ನಿನಲ್ಲಿ ಹುಡುಗನೊಬ್ಬ ತನ್ನ ಕೈಖರ್ಚಿನ ದುಡ್ಡಿನಲ್ಲಿ ಪೂರೈಕೆದಾರರ ಅಂಗಡಿಯಿಂದ ರಾಸಾಯನಿಕ ಕೊಂಡು ಮನೆಯಲ್ಲೇ ಲ್ಯಾಬ್ ಕಟ್ಟಿಕೊಂಡದ್ದನ್ನು ಹೇಳಿದ್ದಾರೆ. ಅಮೆರಿಕದ ಗಿಲ್ಬರ್ಟ್ ಕಂಪನಿ 1950ರಲ್ಲಿ ಮಕ್ಕಳಿಗೆಂದು ಮಾರಿದ ಅಣುಶಕ್ತಿ ಪೆಟ್ಟಿಗೆಯಲ್ಲಿ ಯುರೇನಿಯಂ ಅದಿರಿನ ಚೂರುಗಳೇ ಇದ್ದವು. ಆ ಕಾಲ ಮರಳುವುದಿಲ್ಲ, ಮರಳಬೇಕಾಗಿಯೂ ಇಲ್ಲ. ಬಾಂಬುಗಳ ಅನುಭವವಾದ ಯುರೋಪ್ 2021ರ ಫೆಬ್ರುವರಿಯಿಂದ ಜಾರಿಗೆ ತಂದ ನಿಯಮದಂತೆ ಸಾಮಾನ್ಯ ಜನ ಶೇಕಡ 12ಕ್ಕಿಂತ ಗಾಢವಾದ ಹೈಡ್ರೋಜನ್ ಪೆರಾಕ್ಸೈಡನ್ನಾಗಲಿ, ಶೇಕಡ 3ಕ್ಕಿಂತ ಗಾಢವಾದ ನೈಟ್ರಿಕ್ ಆಸಿಡ್ಡನ್ನಾಗಲಿ, ಶೇಕಡ 15ಕ್ಕಿಂತ ಗಾಢವಾದ ಸಲ್ಫ್ಯೂರಿಕ್ ಆಸಿಡ್ಡನ್ನಾಗಲಿ ಕೊಳ್ಳುವಂತಿಲ್ಲ.

ಬ್ರಿಟನ್ ಇದೇ ಗುರಿಯನ್ನು ಇಟ್ಟುಕೊಂಡು ಒಂದು ಬಾಗಿಲು ತೆರೆದಿಟ್ಟಿತು. ಅಲ್ಲಿ ಖಾಸಗಿ ವ್ಯಕ್ತಿ ಗೃಹ ಇಲಾಖೆಗೆ ಅರ್ಜಿ ಹಾಕಬಹುದು: ಯಾವ ವಸ್ತು, ಎಷ್ಟು, ಯಾತಕ್ಕೆ, ಎಲ್ಲಿ ಇಡುತ್ತೀರಿ. ಪರಿಶೀಲನೆಯ ನಂತರ ಪರವಾನಗಿ ಸಿಕ್ಕರೆ ಅದನ್ನೂ ಗುರುತಿನ ಚೀಟಿಯನ್ನೂ ತೋರಿಸಿ ಕೊಳ್ಳಬಹುದು. ನಮ್ಮ ಸುಪ್ರೀಂ ಕೋರ್ಟ್ ಕೇಳಿದ ಎರಡು ಪ್ರಶ್ನೆಗಳಿಗೆ ನಾಗರಿಕ ಉತ್ತರ ಕೊಡಲು ಒಂದು ಕಿಟಕಿ ಇದ್ದರೆ ಹೀಗೇ ಇರಬೇಕು. ಸೈನೋಟೈಪಿನಂಥ ಕೆಲಸಕ್ಕೆ ಪರವಾನಗಿಯ ಅಗತ್ಯವೂ ಇಲ್ಲ, ಭರವಸೆಯ ಒಂದು ಮಧ್ಯವರ್ತಿ ಸಾಕು. ಗೋವಾದಲ್ಲಿ ಪರ್ಯಾಯ ಛಾಯಾಗ್ರಹಣದ ಕೇಂದ್ರವೊಂದು ಇಂಥ ಹಳೆಯ ವಿಧಾನಗಳನ್ನು ಕಾರ್ಯಾಗಾರಗಳ ಮೂಲಕ ಕಲಿಸಿದೆ, ಬಂದವರು ಕಲಿಯುವುದರ ಜೊತೆಗೆ ಪುಡಿಗಳ ಪರಿಚಯವನ್ನೂ ಮಾಡಿಕೊಂಡರು. ಕರ್ನಾಟಕದಲ್ಲಿ ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ, ಧಾರವಾಡ ಮತ್ತು ಮಂಗಳೂರಿನ ಪಿಲಿಕುಳದ ಪ್ರಾದೇಶಿಕ ವಿಜ್ಞಾನ ಕೇಂದ್ರಗಳಿವೆ. ಸಂಸ್ಥೆಯೆಂಬ ಕಾರಣಕ್ಕೆ ಅವುಗಳಿಗೆ ಲೆಟರ್‌ಹೆಡ್ ಇದೆ, ಜವಾಬ್ದಾರಿಯುತ ಸಿಬ್ಬಂದಿ ಇದ್ದಾರೆ.

ಅಂಥ ಒಂದು ಕೇಂದ್ರ ಫೆರಿಸೈನೈಡಿನ ಅರ್ಧ ಕಿಲೋ ಬಾಟಲಿ, ಜೊತೆಗೆ ಒಂದೂಕಾಲು ಕಿಲೋ ಹಸಿರು ಸಿಟ್ರೇಟ್ ತರಿಸಿತೆನ್ನಿ. ಹತ್ತು ಗ್ರಾಂ ಹರಳು ಮತ್ತು 25 ಗ್ರಾಂ ಸಿಟ್ರೇಟಿನ ಜೋಡಿಯಂತೆ ಹಂಚಿದರೆ ಐವತ್ತು ಜೋಡಿ ಪೊಟ್ಟಣವಾಗುತ್ತದೆ. ಒಂದೊಂದರ ಮೇಲೂ ಸಿಎಎಸ್ ನಂಬರ್, ಆಸಿಡ್ ತಾಕಿಸಬೇಡಿ ಎಂಬ ಕನ್ನಡದ ಎಚ್ಚರಿಕೆ, ಪಡೆದವರ ಹೆಸರು ರಿಜಿಸ್ಟರಿನಲ್ಲಿ. ಒಂದು ಜೋಡಿಯಿಂದ 200 ಮಿಲಿಲೀಟರ್ ಮಿಶ್ರಣವಾಗುತ್ತದೆ, ಎ4 ಅಳತೆಯ ಹಾಳೆಗೆ ಎರಡು ಮೂರು ಮಿಲಿಲೀಟರ್ ಹಿಡಿಯುತ್ತದೆ. ಹಾಗೆ ಲೆಕ್ಕ ಹಾಕಿದರೆ ಒಂದು ಹೈಸ್ಕೂಲಿನ ಒಂದಿಡೀ ತರಗತಿ ತನ್ನ ಊರಿನ ಎಲೆಗಳನ್ನೆಲ್ಲ ಅಚ್ಚೊತ್ತಿಕೊಳ್ಳುವಷ್ಟು, ಅರವತ್ತಕ್ಕೂ ಹೆಚ್ಚು ಹಾಳೆ, ಒಂದು ಜೋಡಿಯಿಂದ ಬರುತ್ತದೆ. ಅರ್ಧ ಕಿಲೋ ಬಾಟಲಿ ಐವತ್ತು ಶಾಲೆಗಳಿಗೆ ಸಾಲುತ್ತದೆ.